ಸ್ಟೇಜ್ 4 ಕರುಳಿನ ಕ್ಯಾನ್ಸರ್ ಮತ್ತು ಟಾರ್ಗೆಟೆಡ್ ಔಷಧಿಗಳ ಟ್ರಯಲ್: ಪದೇ ಪದೇ ಕೇಳುವ ಪ್ರಶ್ನೆಗಳು

ದೊಡ್ಡ ಕರುಳು ಅಥವಾ ಗುದನಾಳದ ಕ್ಯಾನ್ಸರ್ ಲಿವರ್‌ಗೋ ಶ್ವಾಸಕೋಶಕ್ಕೋ ಹರಡಿದೆ ಅಂತ ಗೊತ್ತಾದ ಮೇಲೆ ರೋಗಿಗಳು, ಮನೆಯವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಇರುತ್ತವೆ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಮಾರು ಜನ "ಹೊಸ ಔಷಧಿ ಯಾವುದು ಬಂದಿದೆ?" ಅಂತಲೇ ಶುರು ಮಾಡುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದ್ದು "ನಮ್ಮ ಗೆಡ್ಡೆಯ ಜೀನ್‌ನಲ್ಲಿ ಯಾವ ಬದಲಾವಣೆ ಇದೆ?" ಅಂತ. ಕೆಳಗಿನ ಉತ್ತರಗಳಲ್ಲಿ ಅರ್ಧಕ್ಕರ್ಧ ಇದರ ಸುತ್ತಲೇ ತಿರುಗುತ್ತವೆ.

## ಮೊದಮೊದಲ ಪ್ರಶ್ನೆಗಳು

ಕೀಮೋನೇ ಕೊಡ್ತಾ ಇದ್ದಾರಲ್ಲ, ಈ ಟಾರ್ಗೆಟೆಡ್ ಔಷಧಿ ಅಂದ್ರೆ ಬೇರೆ ಏನು?

ಬೇಗ ಬೇಗ ಒಡೆದು ಎರಡಾಗುವ ಎಲ್ಲ ಜೀವಕೋಶಗಳ ಮೇಲೂ ಕೀಮೋ ಕೆಲಸ ಮಾಡುತ್ತದೆ. ಅದಕ್ಕೇ ಕೂದಲು, ಬಾಯಿ, ಹೊಟ್ಟೆ, ರಕ್ತ ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ಟಾರ್ಗೆಟೆಡ್ ಔಷಧಿ ಕ್ಯಾನ್ಸರ್ ಬೆಳೆಯಲು ನೆಚ್ಚಿಕೊಂಡಿರುವ ಒಂದು ನಿರ್ದಿಷ್ಟ ಪ್ರೋಟೀನನ್ನು ಹಿಡಿದು ತಡೆಯುತ್ತದೆ. ಬೆವಾಸಿಝುಮ್ಯಾಬ್ ತಡೆಯುವುದು ಗೆಡ್ಡೆ ಹೊಸ ರಕ್ತನಾಳ ಬೆಳೆಸಿಕೊಳ್ಳಲು ಬಳಸುವ ವಿಇಜಿಎಫ್ ಅನ್ನೋ ಪ್ರೋಟೀನನ್ನು. ಸೆಟುಕ್ಸಿಮ್ಯಾಬ್ ಮತ್ತು ಪ್ಯಾನಿಟುಮುಮ್ಯಾಬ್, ಜೀವಕೋಶಕ್ಕೆ "ಬೆಳೆ" ಅಂತ ಸೂಚನೆ ಕೊಡುವ ಇಜಿಎಫ್‌ಆರ್‌ಗೆ ಅಡ್ಡ ನಿಲ್ಲುತ್ತವೆ. ಟಾರ್ಗೆಟೆಡ್ ಅಂದ ಮಾತ್ರಕ್ಕೆ ಕೀಮೋ ಬಿಟ್ಟೇಬಿಡಬಹುದು ಅಂತಲ್ಲ. ಬಹಳ ಸಲ ಎರಡನ್ನೂ ಒಟ್ಟಿಗೇ ಕೊಡುತ್ತಾರೆ.

ಟ್ರಯಲ್ ಅಂದ್ರೆ ನಮ್ಮ ಮೇಲೆ ಪ್ರಯೋಗ ಮಾಡೋದು ತಾನೇ?

ಈ ಭಯ ಸಹಜ. ಪ್ರಯೋಗ ಅನ್ನೋದು ನಿಜ, ಆದರೆ ಮನಸ್ಸಿಗೆ ಬಂದ ಹಾಗೆ ಮಾಡುವಂಥದ್ದಲ್ಲ. ಏನು ಕೊಡಬೇಕು, ಎಷ್ಟು ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಲ್ಲವನ್ನೂ ಮೊದಲೇ ಬರೆದಿಟ್ಟಿರುತ್ತಾರೆ. ಆ ಬರಹವನ್ನು ನೀತಿ ಸಮಿತಿ (ಎಥಿಕ್ಸ್ ಕಮಿಟಿ) ಓದಿ ಒಪ್ಪಬೇಕು. ರೋಗಿಯ ಒಪ್ಪಿಗೆ ಇಲ್ಲದೆ ಏನೂ ಶುರುವಾಗಬಾರದು ಅನ್ನೋದು 1964ರ ಹೆಲ್ಸಿಂಕಿ ಘೋಷಣೆಯಿಂದ ವೈದ್ಯರೆಲ್ಲ ಒಪ್ಪಿಕೊಂಡು ಬಂದಿರುವ ಮಾತು.

ಇನ್ನೊಂದು ವಿಷಯ. ಇವತ್ತು ಎಲ್ಲರೂ ಮಾಮೂಲಿ ಚಿಕಿತ್ಸೆ ಅಂತ ತಗೊಳ್ಳುವ ಬೆವಾಸಿಝುಮ್ಯಾಬ್ ಕೂಡ ಒಂದು ಕಾಲಕ್ಕೆ ಟ್ರಯಲ್‌ನಲ್ಲೇ ಇತ್ತು. ಎಂಟುನೂರಕ್ಕೂ ಹೆಚ್ಚು ಜನ ಆ ಟ್ರಯಲ್‌ಗೆ ಸೇರಿದರು. ಕೀಮೋ ಜೊತೆ ಈ ಔಷಧಿ ಪಡೆದವರ ಸರಾಸರಿ ಆಯಸ್ಸು 20.3 ತಿಂಗಳು, ಬರೀ ಕೀಮೋ ಪಡೆದವರದ್ದು 15.6 ತಿಂಗಳು. ಅದನ್ನು ನೋಡಿಯೇ 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟಿತು.

ಫೇಸ್ 1, ಫೇಸ್ 2, ಫೇಸ್ 3 ಅಂತಾರೆ. ನಮಗೆ ಯಾವುದು ಒಳ್ಳೇದು?

ಒಂದೊಂದು ಹಂತ ಒಂದೊಂದು ಪ್ರಶ್ನೆ ಕೇಳುತ್ತದೆ. ಫೇಸ್ 1ರಲ್ಲಿ ಎಷ್ಟು ಡೋಸ್ ಕೊಟ್ಟರೆ ಮೈ ತಡೆಯುತ್ತದೆ ಅಂತ ನೋಡುತ್ತಾರೆ. ಸೇರುವವರು ಕಡಿಮೆ, ಆಸ್ಪತ್ರೆಗೆ ಹೋಗಿಬರುವುದು ಜಾಸ್ತಿ. ಮೊದಲ ದಿನ ಮಾತ್ರೆ ನುಂಗಿದ ಮೇಲೆ ಗಂಟೆಗಂಟೆಗೂ ರಕ್ತ ತೆಗೆಯುವುದುಂಟು. ಔಷಧಿ ರಕ್ತದಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ತಿಳಿಯಲು ಅದು ಬೇಕು. ಗೆಡ್ಡೆ ಕುಗ್ಗುತ್ತದಾ ಅಂತ ನೋಡುವುದು ಫೇಸ್ 2. ಈಗಿರುವ ಚಿಕಿತ್ಸೆಗಿಂತ ಇದು ಮೇಲಾ ಅಂತ ನೂರಾರು ಜನರಲ್ಲಿ ಹೋಲಿಸುವುದು ಫೇಸ್ 3.

ಫೇಸ್ 3 ಅಂದ ತಕ್ಷಣ ಒಳ್ಳೇದು, ಫೇಸ್ 1 ಅಂದ ತಕ್ಷಣ ಕೆಟ್ಟದ್ದು ಅಂತಿಲ್ಲ. ನಿಮ್ಮ ಗೆಡ್ಡೆಯ ಬದಲಾವಣೆಗೆ ಹೊಂದುವ ಫೇಸ್ 1, ಹೊಂದದ ಫೇಸ್ 3ಕ್ಕಿಂತ ನಿಮಗೆ ಹತ್ತಿರದ್ದು.

ಸಕ್ಕರೆ ಗುಳಿಗೆ ಕೊಟ್ಟು ಸುಮ್ನೆ ಬಿಟ್ಟುಬಿಡ್ತಾರಾ?

ಒಳ್ಳೆಯ ಚಿಕಿತ್ಸೆ ಇನ್ನೂ ಉಳಿದಿರುವಾಗ ಬರೀ ಪ್ಲಸೀಬೊ ಕೊಡುವುದು ತಪ್ಪು, ಹಾಗೆ ಮಾಡುವುದಿಲ್ಲ. ಹೋಲಿಕೆಯ ಗುಂಪಿನವರಿಗೆ ಆಗಿನ ಕಾಲದ ಮಾಮೂಲಿ ಚಿಕಿತ್ಸೆ ಸಿಗುತ್ತದೆ. ಬರೀ ಪ್ಲಸೀಬೊ ಗುಂಪು ಬರುವುದು, ಗೊತ್ತಿರುವ ಔಷಧಿಗಳೆಲ್ಲ ಮುಗಿದ ಮೇಲಿನ ಟ್ರಯಲ್‌ಗಳಲ್ಲಿ.

ರೆಗೊರಾಫೆನಿಬ್ ಅನ್ನೋ ಮಾತ್ರೆಯ ಮೇಲೆ ನಡೆದ, "ಕರೆಕ್ಟ್" ಅನ್ನೋ ಹೆಸರಿನ ಟ್ರಯಲ್ ಅಂಥದ್ದು. 760 ಜನರಲ್ಲಿ ಮೂರರಲ್ಲಿ ಇಬ್ಬರಿಗೆ ಔಷಧಿ, ಒಬ್ಬರಿಗೆ ಪ್ಲಸೀಬೊ. ನೋವಿಗೆ, ವಾಂತಿಗೆ, ಸುಸ್ತಿಗೆ ಬೇಕಾದ ಆರೈಕೆ ಇಬ್ಬರಿಗೂ ಇತ್ತು. ಸರಾಸರಿ ಆಯಸ್ಸು 6.4 ತಿಂಗಳು ಮತ್ತು 5.0 ತಿಂಗಳು ಬಂತು. ಒಪ್ಪಿಗೆ ಪತ್ರ ಓದುವಾಗ "ಎರಡನೇ ಗುಂಪಿಗೆ ಏನು ಕೊಡ್ತೀರಿ?" ಅಂತ ನೇರವಾಗಿ ಕೇಳಿ. ನನ್ನನ್ನು ಕೇಳಿದರೆ ಆ ಪತ್ರದಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ.

ಸೈನ್ ಹಾಕಿದ ಮೇಲೆ ಬೇಡ ಅನ್ನಿಸಿದ್ರೆ?

ಯಾವತ್ತು ಬೇಕಾದರೂ ಹೊರಗೆ ಬರಬಹುದು. ಕಾರಣ ಹೇಳಲೇಬೇಕು ಅಂತಿಲ್ಲ. ಮಾಮೂಲಿ ಚಿಕಿತ್ಸೆಗೆ ಇದರಿಂದ ತೊಂದರೆ ಆಗಬಾರದು. ಆದರೆ ಮಾತ್ರೆಯನ್ನು ಮನೆಯಲ್ಲೇ ನಿಲ್ಲಿಸಿ ಸುಮ್ಮನಾಗಬೇಡಿ. ಟ್ರಯಲ್ ತಂಡಕ್ಕೆ ತಿಳಿಸಿ, ಕೊನೆಯದಾಗಿ ಒಂದು ರಕ್ತ ಪರೀಕ್ಷೆ ಮಾಡಿಸಿಕೊಂಡು ನಿಲ್ಲಿಸುವುದು ಕ್ಷೇಮ.

## ಟೆಸ್ಟ್ ರಿಪೋರ್ಟ್ ಕೈಗೆ ಬಂದ ಮೇಲೆ

ರಿಪೋರ್ಟ್‌ನಲ್ಲಿ ಕೆರಾಸ್ ಮ್ಯುಟೇಶನ್ ಅಂತ ಬರೆದಿದ್ದಾರೆ. ಒಳ್ಳೇದೋ ಕೆಟ್ಟದ್ದೋ?

ಮೊದಲನೆಯದಾಗಿ, ಇದು ಅಪರೂಪದ ಸುದ್ದಿಯೇನಲ್ಲ. ಹರಡಿದ ಕರುಳಿನ ಕ್ಯಾನ್ಸರ್‌ನಲ್ಲಿ ಕೆರಾಸ್ ಮತ್ತು ಎನ್‌ರಾಸ್ ಅನ್ನೋ ಎರಡು ಜೀನ್‌ಗಳನ್ನೂ ಸೇರಿಸಿದರೆ ಹತ್ತಿರಹತ್ತಿರ ಅರ್ಧದಷ್ಟು ಜನರಲ್ಲಿ ಬದಲಾವಣೆ ಇರುತ್ತದೆ. ಚಿಕಿತ್ಸೆಗೆ ಇದರ ಅರ್ಥ ಏನಪ್ಪಾ ಅಂದರೆ, ಸೆಟುಕ್ಸಿಮ್ಯಾಬ್ ಮತ್ತು ಪ್ಯಾನಿಟುಮುಮ್ಯಾಬ್ ಮಾಮೂಲಿ ರೀತಿಯಲ್ಲಿ ಕೆಲಸ ಮಾಡುವುದಿಲ್ಲ. ಆ ಔಷಧಿಗಳು ಜೀವಕೋಶದ ಹೊರಮೈಯಲ್ಲಿ ಸೂಚನೆಯನ್ನು ತಡೆಯುತ್ತವೆ. ಒಳಗಿರುವ ಕೆರಾಸ್ ತನ್ನಷ್ಟಕ್ಕೆ ತಾನೇ ಆನ್ ಆಗಿ ಕೂತಿದ್ದರೆ ಹೊರಗೆ ತಡೆದು ಏನು ಉಪಯೋಗ?

ಇದು ಗೊತ್ತಾಗಿದ್ದೂ ಟ್ರಯಲ್‌ಗಳಿಂದಲೇ. 2008ರಲ್ಲಿ ಬಂದ ಒಂದು ವಿಶ್ಲೇಷಣೆಯಲ್ಲಿ, ಕೆರಾಸ್ ಬದಲಾಗದೆ ಇದ್ದವರಿಗೆ ಸೆಟುಕ್ಸಿಮ್ಯಾಬ್ ಕೊಟ್ಟಾಗ ಸರಾಸರಿ ಆಯಸ್ಸು 9.5 ತಿಂಗಳು, ಕೊಡದಿದ್ದಾಗ 4.8 ತಿಂಗಳು ಇತ್ತು. ಕೆರಾಸ್ ಬದಲಾಗಿದ್ದವರಿಗೆ ಯಾವ ಲಾಭವೂ ಕಾಣಲಿಲ್ಲ. ಅದಕ್ಕೂ ಮೊದಲು ಎಲ್ಲರಿಗೂ ಒಂದೇ ಸಮ ಈ ಔಷಧಿ ಕೊಡುತ್ತಿದ್ದರು. ಲಾಭ ಇಲ್ಲದವರು ಮೈಯೆಲ್ಲ ಗುಳ್ಳೆ ಏಳಿಸಿಕೊಂಡು ಸುಮ್ನೆ ಕಷ್ಟಪಟ್ಟರು. ಟೆಸ್ಟ್ ಮಾಡದೆ ಔಷಧಿ ಶುರು ಮಾಡಬಾರದು ಅಂತ ಒತ್ತಿ ಒತ್ತಿ ಹೇಳುವುದು ಈ ಕಾರಣಕ್ಕೇ.

ಹಾಗಾದ್ರೆ ಕೆರಾಸ್ ಇದ್ದವರಿಗೆ ಟಾರ್ಗೆಟೆಡ್ ಔಷಧಿ ಇಲ್ವೇ ಇಲ್ವಾ?

ಇದೆ. ಬೆವಾಸಿಝುಮ್ಯಾಬ್‌ಗೆ ಕೆರಾಸ್ ಅಡ್ಡ ಬರುವುದಿಲ್ಲ. ಇನ್ನು ಕೆರಾಸ್‌ನಲ್ಲೇ ಹಲವು ಬಗೆ ಇವೆ. ರಿಪೋರ್ಟ್‌ನಲ್ಲಿ ಜಿ12ಸಿ ಅಂತ ಇದೆಯಾ ನೋಡಿ. ನೂರರಲ್ಲಿ ಮೂರು ನಾಲ್ಕು ಜನರಲ್ಲಿ ಮಾತ್ರ ಅದು ಇರುತ್ತದೆ, ಆದರೆ ಅದಕ್ಕೇ ಅಂತ ಮಾಡಿದ ಮಾತ್ರೆಗಳು ಬಂದಿವೆ. ಸೊಟೊರಾಸಿಬ್ ಮತ್ತು ಪ್ಯಾನಿಟುಮುಮ್ಯಾಬ್ ಜೋಡಿಯನ್ನು ಕೋಡ್‌ಬ್ರೇಕ್ 300 ಟ್ರಯಲ್ ಪರೀಕ್ಷಿಸಿತು. ಸೇರಿದವರು 160 ಜನ. ಪೂರ್ತಿ ಡೋಸ್ ಪಡೆದವರಲ್ಲಿ ಕ್ಯಾನ್ಸರ್ ಮತ್ತೆ ಬೆಳೆಯದೆ ನಿಂತದ್ದು ಸರಾಸರಿ 5.6 ತಿಂಗಳು, ಮಾಮೂಲಿ ಚಿಕಿತ್ಸೆಯಲ್ಲಿ 2.2 ತಿಂಗಳು. ಕಡಿಮೆ ಡೋಸ್‌ನ ಮೂರನೇ ಗುಂಪೂ ಇತ್ತು, ಅದರದ್ದು 3.9 ತಿಂಗಳು. ಈ ಜೋಡಿಗೆ 2025ರ ಜನವರಿಯಲ್ಲಿ ಎಫ್‌ಡಿಎ ಅನುಮತಿ ಸಿಕ್ಕಿತು. ಅಡಾಗ್ರಾಸಿಬ್ ಮತ್ತು ಸೆಟುಕ್ಸಿಮ್ಯಾಬ್ ಜೋಡಿಗೆ 2024ರ ಜೂನ್‌ನಲ್ಲೇ ಸಿಕ್ಕಿತ್ತು.

ರಿಪೋರ್ಟ್‌ನಲ್ಲಿ ಬರೀ "ಕೆರಾಸ್ ಪಾಸಿಟಿವ್" ಅಂತ ಮಾತ್ರ ಇದ್ದರೆ ಯಾವ ಬಗೆ ಅಂತ ಕೇಳಿ ಬರೆಸಿಕೊಳ್ಳಿ.

ಗೆಡ್ಡೆ ಎಡಗಡೆ ಇದ್ಯಾ ಬಲಗಡೆ ಇದ್ಯಾ ಅಂತ ಯಾಕೆ ಕೇಳ್ತಾರೆ?

ದೊಡ್ಡ ಕರುಳಿನ ಎರಡು ಬದಿಗಳಲ್ಲಿ ಹುಟ್ಟುವ ಕ್ಯಾನ್ಸರ್‌ನ ಸ್ವಭಾವವೇ ಬೇರೆ ಬೇರೆ. ರಾಸ್ (ಕೆರಾಸ್, ಎನ್‌ರಾಸ್) ಬದಲಾವಣೆ ಇಲ್ಲದೆ, ಗೆಡ್ಡೆ ಎಡಭಾಗದಲ್ಲಿ ಅಥವಾ ಗುದನಾಳದಲ್ಲಿ ಹುಟ್ಟಿದ್ದರೆ ಮೊದಲ ಚಿಕಿತ್ಸೆಯಲ್ಲೇ ಇಜಿಎಫ್‌ಆರ್ ತಡೆಯುವ ಔಷಧಿ ಚೆನ್ನಾಗಿ ಕೆಲಸ ಮಾಡುತ್ತದೆ. ಜಪಾನಿನ ಪ್ಯಾರಡೈಮ್ ಟ್ರಯಲ್‌ನಲ್ಲಿ ಎಡಭಾಗದವರಿಗೆ ಪ್ಯಾನಿಟುಮುಮ್ಯಾಬ್ ಕೊಟ್ಟಾಗ 37.9 ತಿಂಗಳು, ಬೆವಾಸಿಝುಮ್ಯಾಬ್ ಕೊಟ್ಟಾಗ 34.3 ತಿಂಗಳು ಸರಾಸರಿ ಆಯಸ್ಸು ಬಂತು. ಬಲಭಾಗದಲ್ಲಿ ಅಂಥ ಲಾಭ ಕಾಣುವುದಿಲ್ಲ. ಕ್ಯಾನ್ಸರ್ ಲಿವರ್‌ಗೆ ಹರಡಿದ್ದರೂ ಲೆಕ್ಕಕ್ಕೆ ಬರುವುದು ಅದು ಮೊದಲು ಹುಟ್ಟಿದ ಜಾಗವೇ.

ಬಿರಾಫ್ ಇದೆ ಅಂದ್ರು, ಡಾಕ್ಟರ್ ಮುಖ ಸಪ್ಪಗಾಯ್ತು. ದಾರಿನೇ ಇಲ್ವಾ?

ಬಿರಾಫ್ ಅನ್ನೋ ಜೀನ್‌ನಲ್ಲಿ ವಿ600ಇ ಎಂಬ ಬದಲಾವಣೆ ಇರುವ ಕರುಳಿನ ಕ್ಯಾನ್ಸರ್ ಜೋರಾಗಿ ಬೆಳೆಯುವ ಜಾತಿಯದ್ದು, ಅದನ್ನು ಮುಚ್ಚಿಡುವ ಹಾಗಿಲ್ಲ. ಆದರೆ ಟ್ರಯಲ್‌ಗಳು ಅತಿ ಹೆಚ್ಚು ಕಲಿಸಿದ್ದೂ ಇಲ್ಲೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೆಲನೋಮ ಅನ್ನೋ ಚರ್ಮದ ಕ್ಯಾನ್ಸರ್‌ನಲ್ಲೂ ಇದೇ ಬದಲಾವಣೆ ಇರುತ್ತದೆ. ಅಲ್ಲಿ ವೆಮುರಾಫೆನಿಬ್ ಕೊಟ್ಟಾಗ ಹತ್ತಿರಹತ್ತಿರ ಅರ್ಧ ಜನರ ಗೆಡ್ಡೆ ಕುಗ್ಗಿತು. ಅದೇ ಮಾತ್ರೆ ಕರುಳಿನ ಕ್ಯಾನ್ಸರ್‌ಗೆ ಕೊಟ್ಟರೆ ಕುಗ್ಗಿದ್ದು ನೂರಕ್ಕೆ ಐದು ಜನರಲ್ಲಿ. ಬದಲಾವಣೆ ಒಂದೇ, ಔಷಧಿ ಒಂದೇ, ಫಲ ಮಾತ್ರ ಬೇರೆ. ಕಾರಣ 2012ರಲ್ಲಿ ಪ್ರಯೋಗಾಲಯದಲ್ಲಿ ಸಿಕ್ಕಿತು. ಬಿರಾಫ್ ಮುಚ್ಚಿದ ಕೂಡಲೇ ಕರುಳಿನ ಕ್ಯಾನ್ಸರ್ ಜೀವಕೋಶ ಇಜಿಎಫ್‌ಆರ್ ಮೂಲಕ ಇನ್ನೊಂದು ದಾರಿ ತೆರೆದುಕೊಳ್ಳುತ್ತದೆ. ಮೆಲನೋಮ ಜೀವಕೋಶದಲ್ಲಿ ಇಜಿಎಫ್‌ಆರ್ ತೀರಾ ಕಡಿಮೆ, ಹಾಗಾಗಿ ಅದಕ್ಕೆ ಈ ಉಪಾಯ ಇಲ್ಲ. ಅಂದಮೇಲೆ ಎರಡೂ ದಾರಿಗಳನ್ನು ಒಟ್ಟಿಗೇ ಮುಚ್ಚಬೇಕು, ಅಲ್ವಾ?

ಬೀಕನ್ ಟ್ರಯಲ್ ಮಾಡಿದ್ದು ಅದನ್ನೇ. ಮೊದಲ ಚಿಕಿತ್ಸೆ ಸೋತ 665 ಜನರನ್ನು ಸೇರಿಸಿಕೊಂಡಿತು. ಎನ್ಕೊರಾಫೆನಿಬ್ ಮತ್ತು ಸೆಟುಕ್ಸಿಮ್ಯಾಬ್ ಜೋಡಿ ಪಡೆದವರ ಸರಾಸರಿ ಆಯಸ್ಸು 8.4 ತಿಂಗಳು, ಹಳೆಯ ಚಿಕಿತ್ಸೆಯವರದ್ದು 5.4 ತಿಂಗಳು. ಕಡಿಮೆ ಅನ್ನಿಸಬಹುದು. ಆದರೆ ಮುಂದಿನ ಬ್ರೇಕ್‌ವಾಟರ್ ಟ್ರಯಲ್ ಇದೇ ಜೋಡಿಯನ್ನು ಕೀಮೋ ಜೊತೆ, ಮೊದಲ ಚಿಕಿತ್ಸೆಯಾಗಿಯೇ ಕೊಟ್ಟಿತು. ಅದರ ಫಲಿತಾಂಶ 2025ರಲ್ಲಿ ಬಂತು: 30.3 ತಿಂಗಳು, ಹೋಲಿಕೆಯ ಗುಂಪಿನಲ್ಲಿ 15.1. ಎರಡರಷ್ಟು! ಬಿರಾಫ್ ಅಂದ ಕೂಡಲೇ ಕೈಚೆಲ್ಲುವ ಕಾಲ ಹೋಯಿತು. ಟೆಸ್ಟ್ ತಡ ಮಾಡಿದರೆ ಮಾತ್ರ ಈ ಲಾಭ ಕೈತಪ್ಪುತ್ತದೆ. ಚಿಕಿತ್ಸೆ ಶುರುವಾಗುವ ಮೊದಲೇ ರಿಪೋರ್ಟ್ ಕೈಯಲ್ಲಿ ಇರಬೇಕು.

ಹರ್-2 ಸ್ತನ ಕ್ಯಾನ್ಸರ್‌ದಲ್ವಾ? ಇಲ್ಲಿ ಯಾಕೆ ಟೆಸ್ಟ್ ಮಾಡ್ತಾರೆ?

ಹರ್-2 ಅನ್ನೋದು ಜೀವಕೋಶಕ್ಕೆ ಬೆಳೆಯಲು ಸೂಚನೆ ಕೊಡುವ ಇನ್ನೊಂದು ಪ್ರೋಟೀನ್. ಕರುಳಿನ ಕ್ಯಾನ್ಸರ್‌ನಲ್ಲೂ ಸ್ವಲ್ಪ ಜನರಲ್ಲಿ ಅದು ಅತಿಯಾಗಿ ಇರುತ್ತದೆ. ಟುಕಾಟಿನಿಬ್ ಮತ್ತು ಟ್ರಾಸ್ಟುಝುಮ್ಯಾಬ್ ಜೋಡಿ ಕೊಟ್ಟ ಮೌಂಟನಿಯರ್ ಟ್ರಯಲ್‌ನಲ್ಲಿ ನೂರಕ್ಕೆ 38 ಜನರ ಗೆಡ್ಡೆ ಕುಗ್ಗಿತು. ಎಫ್‌ಡಿಎ 2023ರ ಜನವರಿಯಲ್ಲಿ ಅನುಮತಿ ಕೊಟ್ಟಿತು. ಈ ಜೋಡಿಗೆ ರಾಸ್ ಬದಲಾವಣೆ ಇರಬಾರದು ಅನ್ನೋದು ಷರತ್ತು.

ಎಂಎಸ್ಐ-ಹೈ ಅಂತ ಬಂದಿದೆ. ಇದಕ್ಕೂ ಟಾರ್ಗೆಟೆಡ್ ಔಷಧಿನೇನಾ?

ಅಲ್ಲ. ಎಂಎಸ್ಐ-ಹೈ ಅಂದರೆ ಡಿಎನ್‌ಎ ತಪ್ಪುಗಳನ್ನು ಸರಿಪಡಿಸುವ ವ್ಯವಸ್ಥೆ ಕೆಟ್ಟಿರುವ ಗೆಡ್ಡೆ. ಇದಕ್ಕೆ ಇಮ್ಯುನೋಥೆರಪಿ, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಔಷಧಿ. ಆದರೂ ಈ ಟೆಸ್ಟ್ ಎಲ್ಲರಿಗೂ ಆಗಲೇಬೇಕು. ಕೀನೋಟ್ 177 ಟ್ರಯಲ್‌ನಲ್ಲಿ ಇಂಥ 307 ಜನರಿದ್ದರು. ಪೆಂಬ್ರೊಲಿಝುಮ್ಯಾಬ್ ಪಡೆದವರಲ್ಲಿ ಕ್ಯಾನ್ಸರ್ ಬೆಳೆಯದೆ ಇದ್ದದ್ದು ಸರಾಸರಿ 16.5 ತಿಂಗಳು, ಕೀಮೋ ಪಡೆದವರಲ್ಲಿ 8.2. ಅದೂ ಕೀಮೋಗಿಂತ ಕಡಿಮೆ ತ್ರಾಸದಲ್ಲಿ.

## ಟ್ರಯಲ್ ಸೇರಿದ ಮೇಲೆ

ಎಲ್ಲಾ ಸರಿ ಇದೆ ಅಂದ್ರು, ಕೊನೆಗೆ ತಗೊಳ್ಳಲಿಲ್ಲ. ಯಾಕೆ?

ಬಹಳ ನೋವು ಕೊಡುವ ಉತ್ತರ ಇದು. ಸಾಮಾನ್ಯವಾಗಿ ಕಾರಣ ಇವುಗಳಲ್ಲಿ ಒಂದಿರುತ್ತದೆ: ಲಿವರ್ ಅಥವಾ ಕಿಡ್ನಿ ಟೆಸ್ಟ್‌ನ ಅಂಕಿ ಮಿತಿ ದಾಟಿರುತ್ತದೆ, ಕ್ಯಾನ್ಸರ್ ಮೆದುಳಿಗೆ ಹರಡಿರುತ್ತದೆ, ಹಿಂದಿನ ಔಷಧಿ ನಿಲ್ಲಿಸಿ ಸಾಕಷ್ಟು ದಿನ ಆಗಿರುವುದಿಲ್ಲ, ಇಲ್ಲವೇ ರೋಗಿ ದಿನದ ಬಹುಪಾಲು ಹಾಸಿಗೆಯಲ್ಲೇ ಕಳೆಯುವ ಸ್ಥಿತಿಯಲ್ಲಿರುತ್ತಾರೆ. ಈ ಕೊನೆಯದರಿಂದಲೇ ಜಾಸ್ತಿ ಜನ ಅವಕಾಶ ಕಳೆದುಕೊಳ್ಳುತ್ತಾರೆ. ಎಲ್ಲ ಚಿಕಿತ್ಸೆ ಮುಗಿಯಲಿ, ಆಮೇಲೆ ಟ್ರಯಲ್ ನೋಡೋಣ ಅಂತ ಕಾಯುವ ಹೊತ್ತಿಗೆ ಮೈಯಲ್ಲಿ ಶಕ್ತಿ ಉಳಿದಿರುವುದಿಲ್ಲ. ಓಡಾಡಿಕೊಂಡು ಇರುವಾಗಲೇ ವಿಚಾರಿಸಿ.

ಕೆಲವು ಕಾರಣ ತಾತ್ಕಾಲಿಕ. "ಮತ್ತೆ ಯಾವಾಗ ಬರಬಹುದು?" ಅಂತ ಕೇಳಿಯೇ ಅಲ್ಲಿಂದ ಎದ್ದು ಬನ್ನಿ.

ಮುಖದ ತುಂಬ ಗುಳ್ಳೆ ಎದ್ದಿದೆ. ಔಷಧಿ ನಿಲ್ಲಿಸಬೇಕಾ?

ಸೆಟುಕ್ಸಿಮ್ಯಾಬ್, ಪ್ಯಾನಿಟುಮುಮ್ಯಾಬ್ ಶುರುವಾದ ಮೊದಲ ಎರಡು ಮೂರು ವಾರದಲ್ಲಿ ಮುಖ, ಎದೆ, ಬೆನ್ನಿನ ಮೇಲೆ ಮೊಡವೆಯಂಥ ಗುಳ್ಳೆ ಏಳುತ್ತವೆ. ಚರ್ಮಕ್ಕೂ ಇಜಿಎಫ್‌ಆರ್ ಬೇಕು, ಅದನ್ನು ಔಷಧಿ ತಡೆದಿರುತ್ತದೆ. ಮೊಡವೆ ಅಂದುಕೊಂಡು ಅಂಗಡಿಯ ಮೊಡವೆ ಕ್ರೀಮ್ ಹಚ್ಚಬೇಡಿ, ಚರ್ಮ ಇನ್ನೂ ಒಣಗುತ್ತದೆ.

ಗುಳ್ಳೆ ಬರುವವರೆಗೆ ಕಾಯದೆ ಮೊದಲ ದಿನದಿಂದಲೇ ತಡೆಯುವುದು ಉತ್ತಮ. ಇದನ್ನೂ ಟ್ರಯಲ್ ಮಾಡಿಯೇ ನೋಡಿದ್ದಾರೆ. ಪ್ಯಾನಿಟುಮುಮ್ಯಾಬ್ ಪಡೆಯುವ 95 ಜನರಲ್ಲಿ ಒಂದು ಗುಂಪಿಗೆ ಮೊದಲೇ ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಸ್ಟೀರಾಯ್ಡ್ ಕ್ರೀಮ್, ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟರು. ಇನ್ನೊಂದು ಗುಂಪಿಗೆ ಗುಳ್ಳೆ ಬಂದ ಮೇಲೆ ಚಿಕಿತ್ಸೆ ಕೊಟ್ಟರು. ಜೋರಾದ ಚರ್ಮದ ತೊಂದರೆ ಮೊದಲ ಗುಂಪಿನಲ್ಲಿ ನೂರಕ್ಕೆ 29, ಎರಡನೆಯದರಲ್ಲಿ 62. ನಿಲ್ಲಿಸುವುದೋ ಡೋಸ್ ತಗ್ಗಿಸುವುದೋ ಅನ್ನೋದನ್ನು ಚರ್ಮ ನೋಡಿಯೇ ವೈದ್ಯರು ಹೇಳಬೇಕು. ಒಂದು ಫೋಟೋ ತೆಗೆದು ತಾರೀಖು ಬರೆದಿಟ್ಟುಕೊಂಡರೆ ಅವರಿಗೂ ಅನುಕೂಲ.

ಬೇರೆ ಔಷಧಿಗಳಲ್ಲಿ ಯಾವುದಕ್ಕೆ ಎಚ್ಚರ ಇರಬೇಕು?

ಬೆವಾಸಿಝುಮ್ಯಾಬ್‌ನಲ್ಲಿ ಬಿಪಿ ಏರುತ್ತದೆ, ರಕ್ತಸ್ರಾವ ಆಗಬಹುದು, ಗಾಯ ಬೇಗ ಮಾಯುವುದಿಲ್ಲ. ದೊಡ್ಡ ಆಪರೇಷನ್ ಆದರೆ ಕನಿಷ್ಠ 28 ದಿನ ಅಂತರ ಬೇಕು. ತಡೆಯಲಾರದ ಹೊಟ್ಟೆನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ಕರುಳಲ್ಲಿ ತೂತು ಬಿದ್ದಿರುವ ಸಾಧ್ಯತೆ ಇರುತ್ತದೆ. ರೆಗೊರಾಫೆನಿಬ್‌ನಲ್ಲಿ ಅಂಗೈ ಅಂಗಾಲು ಕೆಂಪಾಗಿ ಉರಿಯುತ್ತದೆ, ಲಿವರ್ ಟೆಸ್ಟ್ ಆಗಾಗ ಬೇಕು. ಹರ್-2 ಅತಿಯಾಗಿ ಇದ್ದಾಗ ಕೊಡುವ ಇನ್ನೊಂದು ಔಷಧಿ ಟ್ರಾಸ್ಟುಝುಮ್ಯಾಬ್ ಡೆರುಕ್ಸ್‌ಟೆಕನ್ ಪಡೆಯುವವರಿಗೆ ಒಣಕೆಮ್ಮು ಅಥವಾ ಏದುಸಿರು ಬಂದರೆ ಅದೇ ದಿನ ತಿಳಿಸಬೇಕು. ಅದು ಶ್ವಾಸಕೋಶದ ಉರಿಯೂತ ಇರಬಹುದು, ಅದರಿಂದ ಜೀವಕ್ಕೂ ಅಪಾಯ.

ಖರ್ಚು ಯಾರು ಕೊಡ್ತಾರೆ?

ಪರೀಕ್ಷೆಯಲ್ಲಿರುವ ಔಷಧಿಗೆ ಸಾಮಾನ್ಯವಾಗಿ ದುಡ್ಡು ಇಲ್ಲ. ಸ್ಕ್ಯಾನ್, ಜೊತೆಗಿನ ಕೀಮೋ, ಓಡಾಟದ ಖರ್ಚು ಯಾರದ್ದು ಅನ್ನೋದು ಟ್ರಯಲ್‌ನಿಂದ ಟ್ರಯಲ್‌ಗೆ ಬೇರೆ. ಔಷಧಿಯಿಂದ ತೊಂದರೆಯಾಗಿ ಆಸ್ಪತ್ರೆ ಸೇರಿದರೆ ಯಾರು ಕೊಡುತ್ತಾರೆ, ಟ್ರಯಲ್ ಮುಗಿದ ಮೇಲೂ ಔಷಧಿ ಸಿಗುತ್ತದಾ, ಇವೆರಡನ್ನು ಬರಹದಲ್ಲೇ ಪಡೆಯಿರಿ.

## ಅಂಕಿಗಳನ್ನು ಓದುವಾಗ

8.4 ತಿಂಗಳು ಅಂದ್ರೆ ನಮ್ಮಮ್ಮ ಅಷ್ಟೇ ದಿನ ಇರ್ತಾರಾ?

ಇಲ್ಲ. ಇಲ್ಲಿ ಸರಾಸರಿ ಅಂತ ಬರೆದಿರುವುದೆಲ್ಲ ಗುಂಪಿನ ನಡುವಿನ ಅಂಕಿ. ಅರ್ಧ ಜನ ಅದಕ್ಕಿಂತ ಕಡಿಮೆ ಬದುಕಿದರು, ಇನ್ನರ್ಧ ಜನ ಅದಕ್ಕಿಂತ ಜಾಸ್ತಿ. ಕೆಲವರು ತುಂಬಾ ಜಾಸ್ತಿ. ಒಬ್ಬ ವ್ಯಕ್ತಿ ಈ ಸಾಲಿನಲ್ಲಿ ಎಲ್ಲಿ ನಿಲ್ಲುತ್ತಾರೆ ಅಂತ ಆ ಅಂಕಿ ಹೇಳುವುದಿಲ್ಲ. ಎರಡು ಚಿಕಿತ್ಸೆಗಳ ನಡುವಿನ ವ್ಯತ್ಯಾಸ ತಿಳಿಯಲು ಅದನ್ನು ಬಳಸಿ, ಅಮ್ಮನ ದಿನ ಎಣಿಸಲು ಅಲ್ಲ.

ಗೆಡ್ಡೆ ಮೊದಲಿಗಿಂತ ಚಿಕ್ಕದೇ ಇದೆ, ಆದ್ರೂ ಟ್ರಯಲ್‌ನಿಂದ ತೆಗೆದ್ರು. ಇದ್ಯಾವ ನ್ಯಾಯ?

ಲೆಕ್ಕ ಹೀಗಿದೆ. ಶುರುವಿನ ಸ್ಕ್ಯಾನ್‌ನಲ್ಲಿ ಅಳೆಯಲು ಕೆಲವು ಗೆಡ್ಡೆ ಆರಿಸುತ್ತಾರೆ, ಹೆಚ್ಚೆಂದರೆ ಐದು. ಲಿವರ್‌ನಲ್ಲಿ 42 ಮತ್ತು 31 ಮಿಲಿಮೀಟರಿನ ಎರಡು, ಶ್ವಾಸಕೋಶದಲ್ಲಿ 17ರದ್ದು ಒಂದು ಅಂತ ಇಟ್ಟುಕೊಳ್ಳಿ. ಒಟ್ಟು 90. ಇದು ನೂರಕ್ಕೆ 30ರಷ್ಟು ಇಳಿದು 63 ಆದರೆ ಔಷಧಿಗೆ ಸ್ಪಂದಿಸಿದೆ ಅಂತ ಬರೆಯುತ್ತಾರೆ. 70ಕ್ಕೆ ನಿಂತರೆ "ಸ್ಥಿರ". ಬೆಳೆದಿದೆಯಾ ಅಂತ ನೋಡುವಾಗ ಮಾತ್ರ ಹೋಲಿಕೆ 90ರ ಜೊತೆ ಅಲ್ಲ, ಅತಿ ಕಡಿಮೆಯಾಗಿದ್ದ 63ರ ಜೊತೆ. ಅದರ ಮೇಲೆ ನೂರಕ್ಕೆ 20 ಏರಿ 76 ಆದರೆ ಕ್ಯಾನ್ಸರ್ ಮತ್ತೆ ಬೆಳೆಯುತ್ತಿದೆ ಅಂತ ಅರ್ಥ. 76 ಅನ್ನೋದು 90ಕ್ಕಿಂತ ಕಡಿಮೆಯೇ. ಆದರೆ ಔಷಧಿಯ ಹಿಡಿತ ಸಡಿಲವಾಗಿದೆ. ಹೊಸ ಗೆಡ್ಡೆ ಒಂದು ಕಂಡರೂ ಹಾಗೇ. ಕೆಲವು ಟ್ರಯಲ್‌ಗಳು ರೋಗಿಗೆ ಲಾಭ ಕಾಣುತ್ತಿದ್ದರೆ ಔಷಧಿ ಮುಂದುವರಿಸಲು ಬಿಡುತ್ತವೆ. ಕೇಳಿ ನೋಡಿ.

ಕ್ಯಾನ್ಸರ್ ನಿಂತ ಕಾಲ ಜಾಸ್ತಿ ಆಯ್ತು, ಆಯಸ್ಸು ಜಾಸ್ತಿ ಆಗಲಿಲ್ಲ ಅಂತಾರೆ. ಹಾಗಾದ್ರೆ ಔಷಧಿ ದಂಡಾನಾ?

ಹಾಗೇ ಅಂತ ತೀರ್ಮಾನಿಸಬೇಡಿ. ಮೇಲೆ ಹೇಳಿದ ಕೀನೋಟ್ 177ನ್ನೇ ನೋಡಿ. ಕೀಮೋ ಗುಂಪಿನಲ್ಲಿದ್ದವರಲ್ಲಿ ಸುಮಾರು ನೂರಕ್ಕೆ 60 ಜನ ಆಮೇಲೆ ಇಮ್ಯುನೋಥೆರಪಿ ಪಡೆದರು. ಎರಡೂ ಗುಂಪಿನವರಿಗೆ ಬೇಗನೋ ತಡವಾಗಿಯೋ ಆ ಬಗೆಯ ಔಷಧಿ ಸಿಕ್ಕಿದ ಮೇಲೆ ಆಯಸ್ಸಿನ ವ್ಯತ್ಯಾಸ ಮಸುಕಾಗುತ್ತದೆ. ಹೀಗೆ ಗುಂಪು ದಾಟಲು ಬಿಡುವುದು ರೋಗಿಗಳಿಗೆ ನ್ಯಾಯ. ಲೆಕ್ಕ ಹಾಕುವವರಿಗೆ ಕಷ್ಟ ಆದರೂ ಅದೇ ಸರಿ.

## ಇನ್ನೂ ಆಳದ ಪ್ರಶ್ನೆಗಳು

ಎರಡು ಟಾರ್ಗೆಟೆಡ್ ಔಷಧಿ ಒಟ್ಟಿಗೆ ಕೊಟ್ರೆ ಎರಡರಷ್ಟು ಕೆಲಸ ಆಗಲ್ವಾ?

ಬಿರಾಫ್‌ನಲ್ಲಿ ಆಯಿತು, ಯಾಕೆಂದರೆ ಅಲ್ಲಿ ಎರಡು ಯಾಕೆ ಬೇಕು ಅಂತ ಮೊದಲೇ ಗೊತ್ತಿತ್ತು. ಬೆವಾಸಿಝುಮ್ಯಾಬ್ ಜೊತೆ ಇಜಿಎಫ್‌ಆರ್ ಔಷಧಿ ಸೇರಿಸಿದಾಗ ಉಲ್ಟಾ ಹೊಡೆಯಿತು. ಪೇಸ್ ಮತ್ತು ಕೈರೋ 2 ಅನ್ನೋ ಎರಡು ದೊಡ್ಡ ಟ್ರಯಲ್‌ಗಳ ಫಲಿತಾಂಶ 2009ರಲ್ಲಿ ಬಂತು. ಎರಡರಲ್ಲೂ ಕೀಮೋ ಮೇಲೆ ಎರಡೂ ಔಷಧಿ ಪಡೆದವರಲ್ಲೇ ಕ್ಯಾನ್ಸರ್ ಬೇಗ ಬೆಳೆಯಿತು, ತೊಂದರೆಯೂ ಜಾಸ್ತಿ ಆಯಿತು. "ಎರಡೂ ಕೊಟ್ಟುಬಿಡಿ ಡಾಕ್ಟ್ರೇ" ಅಂತ ಒತ್ತಾಯ ಮಾಡುವವರಿಗೆ ನಾನು ಹೇಳುವುದು ಈ ಎರಡು ಟ್ರಯಲ್‌ಗಳ ಕಥೆಯನ್ನೇ.

ಸ್ಟೇಜ್ 4ಕ್ಕೆ ಕೆಲಸ ಮಾಡಿದ್ದು ಸ್ಟೇಜ್ 3ಕ್ಕೆ ಇನ್ನೂ ಚೆನ್ನಾಗಿ ಕೆಲಸ ಮಾಡಬೇಕಲ್ವಾ?

ಸ್ಟೇಜ್ 3 ಅಂದರೆ ಕ್ಯಾನ್ಸರ್ ಹತ್ತಿರದ ದುಗ್ಧಗ್ರಂಥಿಗಳಿಗೆ ಬಂದಿದೆ, ದೂರದ ಅಂಗಗಳಿಗೆ ಹರಡಿಲ್ಲ. ಚೆನ್ನಾಗಿ ಕೆಲಸ ಮಾಡುತ್ತದೆ ಎಂದೇ ಎಲ್ಲರೂ ನಂಬಿದ್ದರು. ಆಪರೇಷನ್ ಆದ ಮೇಲೆ ಬೆವಾಸಿಝುಮ್ಯಾಬ್ ಕೊಟ್ಟು ನೋಡಿದರು, ಸೆಟುಕ್ಸಿಮ್ಯಾಬ್ ಕೊಟ್ಟು ನೋಡಿದರು. ಎರಡೂ ಬರೀ ಕೀಮೋಗಿಂತ ಮೇಲಾಗಲಿಲ್ಲ. ಟ್ರಯಲ್ ಮಾಡದೆ ಊಹೆಯ ಮೇಲೆ ಕೊಟ್ಟಿದ್ದರೆ ಸಾವಿರಾರು ಜನ ಲಾಭವಿಲ್ಲದ ಔಷಧಿ ತಗೊಳ್ಳುತ್ತಿದ್ದರು.

ಒಂದು ಸಲ ಸೋತ ಔಷಧಿ ಮತ್ತೆ ಕೊಡಬಹುದಾ?

ಕೆಲವರಿಗೆ ಕೊಡಬಹುದು. ಇಜಿಎಫ್‌ಆರ್ ಔಷಧಿ ಕೊಡುವಾಗ ರಾಸ್ ಬದಲಾವಣೆ ಇರುವ ಜೀವಕೋಶಗಳು ಮೇಲುಗೈ ಪಡೆಯುತ್ತವೆ. ಔಷಧಿ ನಿಲ್ಲಿಸಿದ ಮೇಲೆ ಅವು ನಿಧಾನವಾಗಿ ಕಡಿಮೆಯಾಗುತ್ತವೆ. ರಕ್ತದಲ್ಲಿ ತೇಲುವ ಗೆಡ್ಡೆಯ ಡಿಎನ್‌ಎ ನೋಡಿ ಇದನ್ನು ಕಂಡುಹಿಡಿಯಬಹುದು, ಮತ್ತೆ ಸೂಜಿ ಚುಚ್ಚಿ ಬಯಾಪ್ಸಿ ಮಾಡಬೇಕಿಲ್ಲ. ಇಟಲಿಯ ಕ್ರೋನೋಸ್ ಟ್ರಯಲ್ ಹೀಗೆ ರಕ್ತ ಪರೀಕ್ಷೆ ಮಾಡಿ, ಅಡ್ಡಿಯಾಗುವ ಬದಲಾವಣೆ ಇಲ್ಲದ 27 ಜನರಿಗೆ ಪ್ಯಾನಿಟುಮುಮ್ಯಾಬ್ ಮತ್ತೆ ಕೊಟ್ಟಿತು. ನೂರಕ್ಕೆ 30ರಷ್ಟು ಜನರಲ್ಲಿ ಗೆಡ್ಡೆ ಕುಗ್ಗಿತು. ಚಿಕ್ಕ ಟ್ರಯಲ್, ಆದರೆ ಎಲ್ಲ ಮುಗಿಯಿತು ಅಂದುಕೊಂಡವರಿಗೆ ಇದು ಸಣ್ಣ ವಿಷಯವಲ್ಲ.

ಈಗ ಟ್ರಯಲ್‌ಗಳು ಯಾವ ಕಡೆ ಹೋಗ್ತಾ ಇವೆ? ಎಲ್ಲಿ ಹುಡುಕಬೇಕು?

ಕೊನೆಗೆ ಕೊಡುತ್ತಿದ್ದ ಔಷಧಿಗಳನ್ನು ಮೊದಲಿಗೇ ತರುವ ಕೆಲಸ ಜೋರಾಗಿ ನಡೆದಿದೆ. ಸೊಟೊರಾಸಿಬ್ ಜೋಡಿಯನ್ನು ಕೀಮೋ ಜೊತೆ ಮೊದಲ ಚಿಕಿತ್ಸೆಯಾಗಿ ಕೊಡುವ ಕೋಡ್‌ಬ್ರೇಕ್ 301, ಟುಕಾಟಿನಿಬ್‌ನ ಮೌಂಟನಿಯರ್ 03 ಇದೇ ದಾರಿಯವು. ಇನ್ನೊಂದು ಕಡೆ, ಜಿ12ಸಿ ಅಲ್ಲದ ಕೆರಾಸ್ ಬಗೆಗಳ ಮೇಲೆ ಹೊಸ ಔಷಧಿಗಳ ಪರೀಕ್ಷೆ ನಡೆಯುತ್ತಿದೆ. ಕರುಳಿನ ಕ್ಯಾನ್ಸರ್‌ನಲ್ಲಿ ಅತಿ ಹೆಚ್ಚು ಕಾಣುವ ಬಗೆ ಜಿ12ಡಿ, ಅದನ್ನು ಗುರಿಯಾಗಿಟ್ಟ ಔಷಧಿಗಳೂ ಅದರಲ್ಲಿವೆ.

ಹುಡುಕಲು ಅಮೆರಿಕದ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಟ್ರಯಲ್ ನೋಂದಣಿ ತಾಣ ಎರಡೂ ಎಲ್ಲರಿಗೂ ತೆರೆದಿವೆ. ರೋಗದ ಹೆಸರಿನ ಜೊತೆ ನಿಮ್ಮ ಗೆಡ್ಡೆಯ ಬದಲಾವಣೆಯ ಹೆಸರನ್ನೂ ಹಾಕಿ ಹುಡುಕಿ. ಸೇರಿಸಿಕೊಳ್ಳುತ್ತಿರುವ ಟ್ರಯಲ್‌ಗಳನ್ನು ಮಾತ್ರ ಆರಿಸಿ, ನೋಂದಣಿ ಸಂಖ್ಯೆ ಬರೆದುಕೊಳ್ಳಿ. ಆ ಸಂಖ್ಯೆ, ಜೀನ್ ರಿಪೋರ್ಟ್, ಕೊನೆಯ ಸ್ಕ್ಯಾನ್, ಇಲ್ಲಿಯವರೆಗೆ ಪಡೆದ ಔಷಧಿಗಳ ಹೆಸರು ಮತ್ತು ತಾರೀಖು, ಇಷ್ಟನ್ನೂ ಒಂದೇ ಫೈಲ್‌ನಲ್ಲಿ ಇಟ್ಟುಕೊಂಡು ನಿಮ್ಮ ವೈದ್ಯರ ಹತ್ತಿರ ಹೋಗಿ.